ಅಜ್ಜನ ಬಂದೂಕಿನ ತುದಿ ಕತ್ತರಿಸಬೇಡಿ

ಪ್ರಶ್ನೆ: ನಮ್ಮದು ಖಾನಾಪುರ ತಾಲ್ಲೂಕು. ಅಜ್ಜನ ಕಾಲದ ಇಂಗ್ಲೆಂಡಿನ 12 ಬೋರ್ ಡಬಲ್ ಬ್ಯಾರೆಲ್ ಇದೆ, ಲೈಸೆನ್ಸ್ ಈಗ ನನ್ನ ಹೆಸರಿನಲ್ಲಿದೆ. ಹೊಡೆದರೆ ಚರೆ ಬಹಳ ಚದುರುತ್ತದೆ. ಲೇತ್ ಅಂಗಡಿಯವರೊಬ್ಬರು ನಳಿಗೆ ತುದಿ ಸ್ವಲ್ಪ ಕತ್ತರಿಸಿ ಬಾಯಿ ಬಿಗಿ ಮಾಡಿಕೊಡ್ತೀನಿ ಅಂತಾರೆ. ಮಾಡಿಸಲಾರಿ?

ಉತ್ತರ: ಬೇಡ್ರಿ, ಖಂಡಿತ ಬೇಡ. ಚರೆಯನ್ನು ಒಟ್ಟಾಗಿ ಕಳಿಸುವ ಚೋಕ್ ಇರುವುದೇ ನಳಿಗೆಯ ಕೊನೆಯ ಒಂದೆರಡು ಇಂಚಿನಲ್ಲಿ. ಅಲ್ಲಿ ಒಳಗಿನ ಅಗಲ ಸುಮಾರು 1 ಮಿಲಿಮೀಟರ್ ಕಿರಿದಾಗಿದ್ದರೆ ಅದೇ ಫುಲ್ ಚೋಕ್. ಆ ತುದಿ ಹೋದರೆ ಚರೆ ಇನ್ನೂ ಜಾಸ್ತಿ ಚದುರುತ್ತದೆ. ಬಾಯಿ ಬಡಿದು ಬಿಗಿ ಮಾಡಿದರೆ ನಳಿಗೆ ಸೀಳಬಹುದು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ನಳಿಗೆ ಮೊಟಕು ಮಾಡುವುದು ಅಪರಾಧ. ರಿಪೇರಿಗೂ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯೇ ಆಗಬೇಕು, ಲೇತ್ ಅಂಗಡಿ ಅಲ್ಲ.

ಮೊದಲು ಅಂಥ ಅಂಗಡಿಯಲ್ಲಿ ಬಂದೂಕು ತೋರಿಸಿ. ನಳಿಗೆಯ ಬುಡದಲ್ಲಿ 'ಚೋಕ್' ಅಥವಾ 'ನಾಟ್ ಫಾರ್ ಬಾಲ್' (ಒಂಟಿ ಗುಂಡಿಗೆ ಅಲ್ಲ) ಎಂಬ ಮುದ್ರೆ ಇದ್ದರೆ, ತಯಾರಾದಾಗ ಅದಕ್ಕೆ ಚೋಕ್ ಇತ್ತು ಎಂದರ್ಥ. ನಳಿಗೆ ಮೇಲೆ ಹೆಣೆದಂಥ ಗೆರೆಗಳು ಕಂಡರೆ ಅದು ಡಮಾಸ್ಕಸ್ ನಳಿಗೆ, ಅಂದರೆ ಕಬ್ಬಿಣ-ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ ಹಳೆಯ ಕಾಲದ್ದು. ಅದನ್ನು ಬಲ್ಲವರು ಪರೀಕ್ಷಿಸುವ ತನಕ ಒಂದು ಗುಂಡೂ ಹಾರಿಸಬೇಡಿ, ಖಂಡೇ ಪೂಜೆ ದಿನವೂ ಬೇಡ.

ನಳಿಗೆ ಗಟ್ಟಿ ಇದೆ ಅಂದರೆ ಶೂಟಿಂಗ್ ರೇಂಜಿಗೆ ಹೋಗಿ 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಹೊಡೆಯಿರಿ, ಎರಡು ನಳಿಗೆಗೂ ಬೇರೆ ಬೇರೆ ಕಾಗದ. ಚರೆ ದಟ್ಟವಾಗಿ ಬಿದ್ದ ಕಡೆ 30 ಇಂಚು ಅಗಲದ ವೃತ್ತ ಎಳೆದು ತೂತು ಎಣಿಸಿ. ಕಾಡತೂಸಿನಲ್ಲಿದ್ದ ಚರೆಯಲ್ಲಿ ನೂರಕ್ಕೆ 70 ಒಳಗೆ ಬಿದ್ದರೆ ಫುಲ್ ಚೋಕ್, 60 ಆದರೆ ಹಾಫ್, 40ರ ಆಸುಪಾಸು ಆದರೆ ಚೋಕೇ ಇಲ್ಲ. ಇಂಥ ಬಂದೂಕುಗಳಲ್ಲಿ ಸಾಮಾನ್ಯವಾಗಿ ಮುಂದಿನ ಟ್ರಿಗರ್ ಬಲ ನಳಿಗೆಯದು, ಬಿಗಿ ಚೋಕ್ ಇರುವುದು ಎಡಕ್ಕೆ. ನೀವು ಬರೀ ಮುಂದಿನದನ್ನೇ ಒತ್ತುತ್ತಿದ್ದರೆ ಚದುರುವುದು ಸಹಜ ಅಲ್ವಾ? ಹಾಗಿದ್ದರೆ ಬಂದೂಕಿನಲ್ಲಿ ದೋಷವೇ ಇಲ್ಲ.

ಎಷ್ಟೋ ಸಲ ಕಾಡತೂಸು ಬದಲಿಸಿದರೇ ಸಾಕು. ಚರೆ ಪ್ಲಾಸ್ಟಿಕ್ ಕಪ್ಪಿನಲ್ಲಿ ಕೂತಿರುವಂಥದ್ದು ಫೆಲ್ಟ್ ವಾಡ್ (ಚರೆಯ ಹಿಂದಿನ ಉಣ್ಣೆ ಬಿಲ್ಲೆ) ಇರುವುದಕ್ಕಿಂತ ಒಟ್ಟಾಗಿ ಹೋಗುತ್ತದೆ. ಆದರೆ ಕಾಡತೂಸಿನ ಉದ್ದ ನೋಡಿ ಖರೀದಿಸಿ. ಹಳೆಯ ಇಂಗ್ಲಿಷ್ ಬಂದೂಕುಗಳ ಚೇಂಬರ್, ಅಂದರೆ ನಳಿಗೆಯಲ್ಲಿ ಕಾಡತೂಸು ಕೂರುವ ಜಾಗ, ಹೆಚ್ಚಾಗಿ 65 ಮಿಲಿಮೀಟರ್. ಬಾಯಿ ಮಡಚಿರುವುದರಿಂದ 70ರ ಕಾಡತೂಸೂ ಅದರೊಳಗೆ ಸಲೀಸಾಗಿ ಕೂರುತ್ತದೆ, ಆದರೆ ಹಾರಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಚೇಂಬರ್ ಅಳೆಸದೆ ಒಂದು ಪೆಟ್ಟಿಗೆಯನ್ನೂ ಕೊಳ್ಳಬೇಡಿ.