ಮುಧೋಳ ತಳಿಯ ಜೀನ್ ಅಧ್ಯಯನಕ್ಕೆ ಮುಕ್ತ ತಂತ್ರಾಂಶವೇ ಏಕೆ?

ಮುಧೋಳ ಬೇಟೆನಾಯಿಯಂತಹ ತಳಿಯ ಜೀನ್ ಮಾಹಿತಿಯನ್ನು ಲೆಕ್ಕ ಹಾಕಲು ಮುಕ್ತ ತಂತ್ರಾಂಶವನ್ನೇ ಬಳಸಿರೆಂದು ಒತ್ತಾಯಿಸುವುದೇಕೆ ಎಂದು ಕೇಳಿದ್ದೀರಿ. ಅದು ಉಚಿತ ಎಂಬುದು ಸಣ್ಣ ಕಾರಣ. ಅದರ ಲೆಕ್ಕದ ಕ್ರಮವನ್ನು ಯಾರು ಬೇಕಾದರೂ ತೆರೆದು ಪರೀಕ್ಷಿಸಬಹುದು ಎಂಬುದೇ ಮುಖ್ಯ ಕಾರಣ.

ಬಾಗಲಕೋಟೆ ಜಿಲ್ಲೆಯ ಹಳ್ಳಿಗಳಿಂದ 10 ನಾಯಿಗಳ ಮಾದರಿ ತಂದಿದ್ದೇವೆ ಎಂದುಕೊಳ್ಳಿ. ತಂದೆಯಿಂದ ಒಂದು ರೂಪ, ತಾಯಿಯಿಂದ ಇನ್ನೊಂದು ರೂಪದ ಜೀನ್ ಪಡೆದ ನಾಯಿಗಳ ಪಾಲು, ಹಲವು ಜೀನ್‌ಗಳ ಸರಾಸರಿಯಲ್ಲಿ, 0.57 ಇದೆ, ನಾಯಿಗಳು ಆಯ್ಕೆಯಿಲ್ಲದೆ ಕೂಡಿದ್ದರೆ ನಿರೀಕ್ಷಿಸಬೇಕಾದ ಪಾಲೂ 0.57 ಎಂದೇ ಬಂದರೆ, ರಕ್ತಸಂಬಂಧಿಗಳ ನಡುವಿನ ಸಂಕರಣ (ಒಳಸಂಕರಣ) ನಡೆದಿಲ್ಲವೆಂದು ತೋರುತ್ತದೆ. ಆದರೆ ಮಾದರಿ ಚಿಕ್ಕದಾದಷ್ಟೂ ಈ ನಿರೀಕ್ಷಿತ ಪಾಲು ವಾಸ್ತವಕ್ಕಿಂತ ಕಡಿಮೆ ಬರುವುದರಿಂದ, ತಳಿವಿಜ್ಞಾನಿ ಮಸತೋಶಿ ನೇಯಿ 1978ರಲ್ಲಿ ಸೂಚಿಸಿದ ತಿದ್ದುಪಡಿಯಂತೆ ಅದನ್ನು 20/19ರಿಂದ ಗುಣಿಸಬೇಕು (10 ನಾಯಿಗಳಲ್ಲಿ ಪ್ರತಿ ಜೀನ್‌ನ ಪ್ರತಿಗಳು 20). ಆಗ ಅದು 0.60 ಆಗಿ, ಒಳಸಂಕರಣದ ಸೂಚ್ಯಂಕ (ಕಂಡ ಪಾಲನ್ನು ನಿರೀಕ್ಷಿತ ಪಾಲಿನಿಂದ ಭಾಗಿಸಿ 1ರಿಂದ ಕಳೆದದ್ದು) ಸೊನ್ನೆಯಿಂದ 0.05ಕ್ಕೆ ಏರುತ್ತದೆ. ಯಾವ ನಾಯಿಗಳನ್ನು ಕೂಡಿಸಬೇಕೆಂಬ ತೀರ್ಮಾನ ಇಂತಹ ಅಂಕಿಯ ಮೇಲೆ ನಿಂತಿರುವಾಗ ಇದು ಅಲಕ್ಷಿಸುವ ವ್ಯತ್ಯಾಸವಲ್ಲ.

ಒಳಗಿನ ಲೆಕ್ಕವನ್ನು ತೋರಿಸದ ಮುಚ್ಚಿದ ತಂತ್ರಾಂಶ ಈ ತಿದ್ದುಪಡಿಯನ್ನು ಮಾಡಿದೆಯೇ ಎಂಬುದಕ್ಕೆ ತಯಾರಕರ ಮಾತೇ ಆಧಾರ. ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ ಆರ್ ಎಂಬ ಮುಕ್ತ ಪ್ರೋಗ್ರಾಮಿಂಗ್ ಭಾಷೆಯಲ್ಲಾಗಲಿ, ಜೀನ್ ಮಾಹಿತಿಯ ವಿಶ್ಲೇಷಣೆಗಿರುವ ಅದರ ಅಡೆಜೆನೆಟ್ ಪ್ಯಾಕೇಜಿನಲ್ಲಾಗಲಿ ಈ ಲೆಕ್ಕ ಮಾಡುವ ಸಾಲನ್ನೇ ತೆರೆದು ಓದಬಹುದು. ಬೆಳಗಾವಿಯಲ್ಲಿ ಮಾಡಿದ ಲೆಕ್ಕವನ್ನು ವಿಜಯಪುರದ ವಿದ್ಯಾರ್ಥಿಯೊಬ್ಬರು ಪರವಾನಗಿ ಕೊಳ್ಳದೆಯೇ ಮತ್ತೆ ಮಾಡಿ ನೋಡಬಹುದು.