ಮೂರಾಣೆಯನ್ನು ಮೊದಲ ಪುಟಕ್ಕೆ ತನ್ನಿ

ಪ್ರಿಯ ಗೆಳೆಯರೇ,

‘ಸಂಸತ್ತಿನ ಸಿಂಹ ಲೋಹಿಯಾ’ ಎಂಬ ನಿಮ್ಮ ಲೇಖನ ತಲುಪಿತು. ವಿರೋಧ ಪಕ್ಷದಲ್ಲಿ ಕೂತಿದ್ದ ಸಮಾಜವಾದಿ ನಾಯಕ ಡಾ. ರಾಮಮನೋಹರ ಲೋಹಿಯಾ ದೇಶದ ಒಳಗಿನ ಮತ್ತು ಹೊರಗಿನ ವಿಷಯಗಳ ಚರ್ಚೆಗೆ ಏನು ಕೊಟ್ಟರು ಎಂದು ಹೇಳಲು ನೀವು ಹೊರಟಿದ್ದೀರಿ. ಹನ್ನೆರಡು ಪುಟ. ಬಸವನಗುಡಿಯ ನಮ್ಮ ಆಫೀಸಿನಲ್ಲಿ ಕೂತು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಒಂದು ಸಾಲಿನಲ್ಲಿ ‘ಕ್ಷಮಿಸಿ’ ಎಂದು ಬರೆದು ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿ ಕೂತಿದೆ. ಅದನ್ನು ಹೊರಗೆ ತರಲು ಏನು ಮಾಡಬಹುದು ಎಂದು ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ತಪ್ಪುಗಳನ್ನು ಮುಗಿಸಿಬಿಡೋಣ. 1963ರ ಆಗಸ್ಟ್‌ನಲ್ಲಿ ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿ ತಂದವರು ಲೋಹಿಯಾ ಎಂದು ಬರೆದಿದ್ದೀರಿ. ತಂದವರು ಆಚಾರ್ಯ ಕೃಪಲಾನಿ. ಲೋಹಿಯಾ ಅದರ ಮೇಲೆ ಮಾತನಾಡಿದರು. ‘ದಶಕಗಳ ಕಾಲ ಲೋಕಸಭೆಯಲ್ಲಿ ಗುಡುಗಿದರು’ ಎಂದಿದ್ದೀರಿ. ಅವರು ಫರೂಕಾಬಾದ್ ಉಪಚುನಾವಣೆ ಗೆದ್ದು ಒಳಗೆ ಬಂದದ್ದು 1963ರಲ್ಲಿ. ತೀರಿಕೊಂಡದ್ದು 1967ರ ಅಕ್ಟೋಬರ್ 12ರಂದು. ಅಂದರೆ ಅವರಿಗೆ ಸಿಕ್ಕಿದ್ದು ನಾಲ್ಕೂ ಚಿಲ್ಲರೆ ವರ್ಷ ಮಾತ್ರ. ನೀವು ಈ ನಾಲ್ಕು ವರ್ಷವನ್ನು ಹಿಗ್ಗಿಸಿ ಬರೆದದ್ದರಿಂದ ಅವರ ಕೆಲಸವೇ ಚಿಕ್ಕದಾಗಿ ಕಾಣುತ್ತಿದೆ. ಅಷ್ಟು ಕಡಿಮೆ ಸಮಯದಲ್ಲಿ ಇಷ್ಟು ಮಾಡಿದರು ಎನ್ನುವುದೇ ಅಲ್ವಾ ಆಶ್ಚರ್ಯ?

ಇನ್ನು ಭಾಷೆ. ಸಿಂಹ, ಗುಡುಗು, ಸಿಡಿಲು, ಕೆಂಡ. ಎಣಿಸಿ ನೋಡಿದೆ, ಇಂಥ ಮಾತು ಮೂವತ್ತಕ್ಕಿಂತ ಜಾಸ್ತಿ ಇವೆ. ಲೋಹಿಯಾ ಗುಡುಗಿದರು ಎಂದು ನೀವು ಹೇಳುತ್ತೀರಿ, ಏನು ಹೇಳಿ ಗುಡುಗಿದರು ಎಂದು ಹೇಳುವುದಿಲ್ಲ. ಅವರ ಎದುರಿಗೆ ಕೂತವರು ಏನು ಉತ್ತರ ಕೊಟ್ಟರು ಎನ್ನುವುದಂತೂ ಎಲ್ಲೂ ಇಲ್ಲ. ವಿರೋಧ ಪಕ್ಷದವರ ಕೈಯಲ್ಲಿ ಖಾತೆ ಇಲ್ಲ, ಹಣ ಇಲ್ಲ, ಮತ ಹಾಕಿದರೆ ಸೋಲು ಗ್ಯಾರಂಟಿ. 1962ರ ಚುನಾವಣೆಯಲ್ಲಿ ಕಾಂಗ್ರೆಸ್ 361 ಸೀಟು ಗೆದ್ದಿತ್ತು. ಆ ಅವಿಶ್ವಾಸ ಗೊತ್ತುವಳಿಯ ಪರ ಬಿದ್ದದ್ದು 62 ಮತ, ವಿರೋಧ 347. ಅಂಥ ಸದನದಲ್ಲಿ ಒಬ್ಬ ಸದಸ್ಯರ ಕೈಯಲ್ಲಿ ಉಳಿಯುವುದು ಪ್ರಶ್ನೆ ಮಾತ್ರ. ಆ ಪ್ರಶ್ನೆ ಸರ್ಕಾರದ ಬಾಯಿಂದ ಏನು ಹೊರಡಿಸಿತು ಎಂದು ತೋರಿಸಿದರೆ ಓದುವವರಿಗೆ ಅವರ ಎತ್ತರ ತಾನಾಗಿ ಗೊತ್ತಾಗುತ್ತದೆ. ಸಿಂಹವನ್ನು ಕರೆಯಬೇಕಾಗಿಲ್ಲ.

ನಿಮ್ಮ ಒಂಬತ್ತನೇ ಪುಟಕ್ಕೆ ಬರುತ್ತೇನೆ. ‘ಮೂರಾಣೆ ಚರ್ಚೆ’ಗೆ ನೀವು ಕೊಟ್ಟಿರುವುದು ಐದು ಸಾಲು. ನಿಮ್ಮ ಲೇಖನದ ಜೀವ ಇರುವುದು ಅಲ್ಲೇ.

1963ರ ಆಗಸ್ಟ್‌ನ ಆ ದಿನ ಸದನ ಹೇಗಿತ್ತು ಎಂದು ಮೊದಲು ಕಟ್ಟಿಕೊಡಿ. ಚೀನಾ ಯುದ್ಧ ಮುಗಿದು ಒಂಬತ್ತು ತಿಂಗಳು. ಕೃಷ್ಣ ಮೆನನ್ ರಕ್ಷಣಾ ಖಾತೆ ಬಿಟ್ಟಾಗಿದೆ. ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ಗೊತ್ತುವಳಿ ಬಂದಿದೆ. ಗಡಿ, ಸೈನ್ಯ, ಸೋಲು, ಇದೇ ಎಲ್ಲರ ತಲೆಯಲ್ಲಿ. ಅಲ್ಲಿ ಎದ್ದು ನಿಂತ ಲೋಹಿಯಾ ಹಿಂದಿನ ವರ್ಷ ಫೂಲ್‌ಪುರದಲ್ಲಿ ನೆಹರೂ ಎದುರೇ ನಿಂತು ಸೋತವರು. 1936ರಲ್ಲಿ ಕಾಂಗ್ರೆಸ್ಸಿನ ವಿದೇಶಾಂಗ ವಿಭಾಗವನ್ನು ಇವರ ಕೈಗೆ ಕೊಟ್ಟವರೂ ಅದೇ ನೆಹರೂ. ಇಬ್ಬರ ನಡುವೆ ಇಷ್ಟು ಹಳೆಯ ನಂಟಿದೆ. ಇದನ್ನು ನೀವು ಹೇಳಲೇ ಇಲ್ಲ.

ಅಂಥ ಹೊತ್ತಿನಲ್ಲಿ ಲೋಹಿಯಾ, ಈ ದೇಶದ 27 ಕೋಟಿ ಜನ ದಿನಕ್ಕೆ ಮೂರಾಣೆಯಲ್ಲಿ ಬದುಕುತ್ತಿದ್ದಾರೆ ಎಂದರು. ನೆಹರೂ ಒಪ್ಪಲಿಲ್ಲ. ಮೂರಲ್ಲ, ಹದಿನೈದಾಣೆ ಎಂದರು. ಈ ಜಗಳ ಅಲ್ಲಿಗೆ ನಿಲ್ಲಲಿಲ್ಲ. ಸೆಪ್ಟೆಂಬರ್‌ನಲ್ಲಿ ಇದಕ್ಕಾಗಿಯೇ ಮತ್ತೆ ಚರ್ಚೆ ನಡೆಯಿತು.

ಇಲ್ಲಿ ನಿಲ್ಲಿ. ನಮ್ಮ ಓದುಗರಲ್ಲಿ ಅರ್ಧ ಜನ ಆಣೆ ನೋಡಿಲ್ಲ. ‘ಹದಿನಾರಾಣೆ ಸತ್ಯ’ ಎಂದು ಈಗಲೂ ಹೇಳುತ್ತೇವೆ, ಆದರೆ ಹದಿನಾರಾಣೆ ಸೇರಿದರೆ ಒಂದು ರೂಪಾಯಿ ಎಂದು ಹುಡುಗರಿಗೆ ಬಿಡಿಸಿ ಹೇಳಬೇಕು. ಮೂರಾಣೆ ಅಂದರೆ ಸುಮಾರು 19 ಪೈಸೆ. ಹದಿನೈದಾಣೆ ಅಂದರೆ 94 ಪೈಸೆ. ವರ್ಷಕ್ಕೆ ಲೆಕ್ಕ ಹಾಕಿದರೆ ಒಂದು ಕಡೆ 68 ರೂಪಾಯಿ, ಇನ್ನೊಂದು ಕಡೆ 342 ರೂಪಾಯಿ. ಇಬ್ಬರು ಓದಿದ ಜನ ಒಂದೇ ದೇಶದ ಬಗ್ಗೆ ಮಾತನಾಡುವಾಗ ಇಷ್ಟು ಅಂತರ ಹೇಗೆ ಬಂತು? ಈ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ನಿಮ್ಮದು.

‘ನೆಹರೂ ಸುಳ್ಳು ಹೇಳಿದರು’ ಎಂದು ನೀವು ಒಂದೇ ಮಾತಿನಲ್ಲಿ ಮುಗಿಸಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಅವರು ಹೇಳಿದ್ದು ಸರಾಸರಿ. ಗಾಂಧಿ ಬಜಾರಿನ ಒಂದು ದರ್ಶಿನಿಯನ್ನು ಊಹಿಸಿಕೊಳ್ಳಿ. ಮಾಲೀಕರಿಗೆ ದಿನಕ್ಕೆ 9,000 ರೂಪಾಯಿ. ದೋಸೆ ಹುಯ್ಯುವವರು, ತಟ್ಟೆ ತೊಳೆಯುವವರು ಸೇರಿ ಐದು ಜನಕ್ಕೆ ತಲಾ 600. ಒಟ್ಟು 12,000, ಆರು ಜನಕ್ಕೆ ಹಂಚಿದರೆ ತಲೆಗೆ 2,000. ಲೆಕ್ಕ ಸರಿಯಾಗಿಯೇ ಇದೆ. ಆದರೆ ಆ ಐದು ಜನರಲ್ಲಿ ಒಬ್ಬರ ಜೇಬಿನಲ್ಲೂ 2,000 ಇಲ್ಲ. ಲೋಹಿಯಾ ಕೇಳಿದ್ದು ಆ ಐದು ಜನರ ಬಗ್ಗೆ. ಕೆಳಗಿನ ನೂರಕ್ಕೆ ಅರವತ್ತು ಜನರ ಲೆಕ್ಕ ಬೇರೆ ತೆಗೆಯಿರಿ ಎಂದು ಹಟ ಹಿಡಿದರು. ಆಮೇಲೆ ಸರ್ಕಾರದ ಕಡೆಯಿಂದಲೇ ಏಳೂವರೆ ಆಣೆ ಎಂಬ ಇನ್ನೊಂದು ಲೆಕ್ಕ ಬಂತು. ಹದಿನೈದರಿಂದ ಏಳೂವರೆಗೆ! 62 ಮತದವರ ನಡುವೆ ನಿಂತ ಒಬ್ಬ ಸದಸ್ಯರು ತಂದ ಬದಲಾವಣೆ ಇದು. ನಿಮ್ಮ ಲೇಖನದಲ್ಲಿ ಏಳೂವರೆ ಆಣೆಯೇ ಇಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಹಿಂದಿನ ವರ್ಷ, 1962ರಲ್ಲಿ, ಯೋಜನಾ ಆಯೋಗದ ತಜ್ಞರ ಗುಂಪೊಂದು ಒಬ್ಬರ ಬದುಕಿಗೆ ತಿಂಗಳಿಗೆ ಕನಿಷ್ಠ 20 ರೂಪಾಯಿ ಬೇಕು ಎಂದಿತ್ತು. ದಿನಕ್ಕೆ ಹತ್ತೂವರೆ ಆಣೆಗಿಂತ ಸ್ವಲ್ಪ ಜಾಸ್ತಿ ಆಯಿತು. ಏಳೂವರೆ ಆಣೆಯನ್ನೇ ಹಿಡಿದರೂ ತಿಂಗಳಿಗೆ 14 ರೂಪಾಯಿ. ಹಾಗಾಗಿ ಲೋಹಿಯಾ ಹೇಳಿದ ಮೂರಾಣೆ ತೀರಾ ಕಡಿಮೆಯಾಯಿತು ಎಂದು ಯಾರಾದರೂ ವಾದಿಸಿದರೂ ಅವರ ಪ್ರಶ್ನೆ ಬಿದ್ದು ಹೋಗುವುದಿಲ್ಲ. ನನಗೂ ಮೂರಾಣೆ ಸ್ವಲ್ಪ ಇಳಿಸಿ ಹೇಳಿದ ಲೆಕ್ಕ ಎಂದೇ ಅನ್ನಿಸುತ್ತದೆ. ಇದನ್ನು ನೀವೂ ಧೈರ್ಯವಾಗಿ ಬರೆಯಿರಿ. ನೀವು ಮೆಚ್ಚುವ ವ್ಯಕ್ತಿಯ ಲೆಕ್ಕವನ್ನೂ ತೂಗಿ ನೋಡಿದ್ದೀರಿ ಎಂದು ಗೊತ್ತಾದರೆ ಓದುಗರು ನಿಮ್ಮನ್ನು ನಂಬುತ್ತಾರೆ. ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ಖರ್ಚಾಗುತ್ತದೆ ಎಂದು ಅವರು ಮಾಡಿದ ಆರೋಪಕ್ಕೆ ಒಂದಿಡೀ ಪುಟ ಕೊಟ್ಟಿದ್ದೀರಲ್ಲ, ಅದಕ್ಕೆ ಒಂದು ಸಾಲು ಸಾಕು.

ವಿದೇಶಾಂಗ ನೀತಿಯ ಭಾಗ ಸೊರಗಿದೆ. ಈಶಾನ್ಯದ ಗಡಿ ಪ್ರದೇಶಕ್ಕೆ ‘ಉರ್ವಶೀಯಂ’ ಎಂದು ಹೆಸರಿಟ್ಟು ಒಳಗೆ ಹೋಗಿ ಬಂಧನವಾದದ್ದು ಅವರು ಲೋಕಸಭೆಗೆ ಬರುವ ಮೊದಲು. 1964ರಲ್ಲಿ ಅಮೆರಿಕದ ಜಾಕ್ಸನ್ ಊರಿನಲ್ಲಿ ಬಿಳಿಯರ ಹೋಟೆಲಿಗೆ ಹೋಗಿ ಪೊಲೀಸರ ಕೈಗೆ ಸಿಕ್ಕಿದ್ದು ದೊಡ್ಡ ಸಂಗತಿ, ಆದರೆ ಸದನದ ಚರ್ಚೆಯಲ್ಲ. ಅದೇ ವರ್ಷ ಜನಸಂಘದ ನಾಯಕ ದೀನದಯಾಳ ಉಪಾಧ್ಯಾಯರ ಜೊತೆ ಸೇರಿ ಭಾರತ–ಪಾಕಿಸ್ತಾನ ಒಕ್ಕೂಟದ ಹೇಳಿಕೆ ಕೊಟ್ಟದ್ದೂ ಹೊರಗಿನದೇ. ಇನ್ನೊಂದು ಕಡೆ ಪಾಕಿಸ್ತಾನದ ಜೊತೆಗಿನ 1965ರ ಕಛ್ ಒಪ್ಪಂದ, ಆ ವರ್ಷದ ಯುದ್ಧ, 1966ರ ತಾಷ್ಕೆಂಟ್ ಘೋಷಣೆ, ಎಲ್ಲವೂ ಅವರು ಸದನದಲ್ಲಿದ್ದಾಗಲೇ ಬಂದವು. ಒಂದರ ಬಗ್ಗೆಯೂ ನಿಮ್ಮಲ್ಲಿ ಒಂದು ಸಾಲಿಲ್ಲ. ಹಳೆಯ ನಡಾವಳಿಗಳು ಸಂಸತ್ತಿನ ಡಿಜಿಟಲ್ ಲೈಬ್ರರಿಯಲ್ಲಿ ಸಿಗುತ್ತವೆ. ಅವರು ಹಿಂದಿಯಲ್ಲಿ ಮಾತನಾಡುತ್ತಿದ್ದರು, ಆದ್ದರಿಂದ ಹಿಂದಿ ಮೂಲವನ್ನೇ ಓದಿ. ನಡುವೆ ಯಾರು ತಡೆದರು, ಸ್ಪೀಕರ್ ಎಲ್ಲಿ ಕೂರಿಸಿದರು, ಅದನ್ನೂ ಗುರುತು ಹಾಕಿಕೊಳ್ಳಿ. ಓದಲು ಸಮಯ ಬೇಕು, ನಾನು ಕಾಯುತ್ತೇನೆ.

ಒಂದು ಮಾತು ಉಳಿದಿದೆ. ನೀವು ಈಗ ವಿಜಯನಗರದಲ್ಲಿದ್ದರೂ ಊರು ಸಾಗರದ ಕಡೆ ಎಂದು ಬರೆದಿದ್ದೀರಿ. 1951ರಲ್ಲಿ ಲೋಹಿಯಾ ಅಲ್ಲಿನ ಕಾಗೋಡಿನ ಗೇಣಿದಾರರ ಹೋರಾಟಕ್ಕೆ ಬಂದು ಬಂಧನವಾದದ್ದನ್ನು ಒಂದು ಸಾಲಿನಲ್ಲಿ ದಾಟಿಸಿದ್ದೀರಿ. ಅಲ್ಲಿ ಜಗಳ ಶುರುವಾದದ್ದು ಯಾವುದರಿಂದ? ಕೊಳಗದಿಂದ. ಗೇಣಿ ಭತ್ತ ಅಳೆಯಲು ಒಡೆಯರು ತರುತ್ತಿದ್ದ ಕೊಳಗ ದೊಡ್ಡದು ಎಂದು ಗೇಣಿದಾರರು ತಕರಾರು ತೆಗೆದರು. ಯಾವ ಅಳತೆಯಲ್ಲಿ ಅಳೆಯುತ್ತೀರಿ ಎಂಬುದೇ ಅವರ ಪ್ರಶ್ನೆ. ಹನ್ನೆರಡು ವರ್ಷದ ಮೇಲೆ ದೆಹಲಿಯಲ್ಲಿ ಲೋಹಿಯಾ ನೆಹರೂಗೆ ಕೇಳಿದ್ದೂ ಇದನ್ನೇ ಅಲ್ವಾ? ಕಾಗೋಡಿನಿಂದ ಶುರು ಮಾಡಿ ಮೂರಾಣೆಗೆ ಬನ್ನಿ. ದೆಹಲಿಯಲ್ಲಿ ಕೂತು ಬರೆಯುವವರಿಗೆ ಈ ದಾರಿ ಸುಲಭಕ್ಕೆ ಸಿಗುವುದಿಲ್ಲ. ನಿಮಗೆ ಮನೆಯಲ್ಲೇ ಸಿಕ್ಕಿದೆ.

ಏಳನೇ ಪುಟದ ಕೊನೆಯಲ್ಲಿ, ನಿಮ್ಮ ಅಜ್ಜನ ಮನೆಯ ಅಟ್ಟದ ಮೇಲೆ ಹಳೆಯ ಕೊಳಗ ಒಂದಿತ್ತು ಎಂದು ಬರೆದಿದ್ದೀರಿ. ಇಡೀ ಲೇಖನದಲ್ಲಿ ನನಗೆ ಅತಿ ಇಷ್ಟವಾದ ಸಾಲು ಅದು. ಆ ಕೊಳಗ ಈಗಲೂ ಇದೆಯೇ? ಇದ್ದರೆ ಊರಿಗೆ ಹೋದಾಗ ಅದರಲ್ಲಿ ಎಷ್ಟು ಸೇರು ಭತ್ತ ಹಿಡಿಯುತ್ತದೆ ಎಂದು ಅಳೆದು ನೋಡಿ. ಒಂದು ಫೋಟೋ ತೆಗೆದು ಹೊಸ ಪ್ರತಿಯ ಜೊತೆ ಕಳಿಸಿ.

ವಿಶ್ವಾಸದಿಂದ,
ಸಂಪಾದಕ