ಫೀಸಿಗೆ ಸಾಲ ಸಿಗುತ್ತೆ, ಸಂಜೆ ಮಗುವನ್ನು ಯಾರು ನೋಡ್ಕೋತಾರೆ?

ಅರ್ಧಕ್ಕೆ ಬಿಟ್ಟ ಓದಿಗೆ ಮರಳಲು ಹೊರಟ ಒಬ್ಬ ತಾಯಿಯ ಕಥೆ ಇದು. ಅವರ ಹೆಸರು ಇಲ್ಲಿ ವಿಮಲಾ ಎಂದಿರಲಿ. ಹೆಸರು, ವಯಸ್ಸು, ಕೆಲಸ ಎಲ್ಲವನ್ನೂ ಗುರುತು ಸಿಗದ ಹಾಗೆ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ವಯಸ್ಸು 34. ಮಗಳಿಗೆ 9, ಮಗನಿಗೆ 4. ಪದವಿಯ ಮೊದಲ ವರ್ಷ ಪಾಸಾಗಿ, ಎರಡನೇ ವರ್ಷದ ಮಧ್ಯದಲ್ಲಿ ಓದು ಬಿಟ್ಟಿದ್ದರು. ಗಂಡ ಮನೆ ಬಿಟ್ಟು ಹೋಗಿ ಎರಡು ವರ್ಷ ಆಗಿತ್ತು, ವಿಚ್ಛೇದನ ಆಗಿರಲಿಲ್ಲ. ಒಂದು ಕಚೇರಿಯಲ್ಲಿ ಲೆಕ್ಕ ಬರೆಯುವ ಕೆಲಸ. ಕೆಲಸ ಚೆನ್ನಾಗಿಯೇ ಮಾಡುತ್ತಿದ್ದರು, ಆದರೆ ಡಿಗ್ರಿ ಇಲ್ಲ ಅಂತ ಎರಡು ಸಲ ಬಡ್ತಿ ತಪ್ಪಿತ್ತು.

ಮೊದಲ ದಿನ ನನ್ನ ಹತ್ತಿರ ಸಲಹೆ ಕೇಳಲು ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರ್. ಮೇಲೆ ಹಳೆಯ ಅಂಕಪಟ್ಟಿ, ಮಡಿಕೆ ಬಿದ್ದ ಕಡೆ ಹರಿದು ಟೇಪ್ ಹಚ್ಚಿದ್ದು. ಅದರ ಕೆಳಗೆ ಸಾಲದ ಅರ್ಜಿ, ಅರ್ಧ ತುಂಬಿತ್ತು, ಹಿಂಬದಿಯಲ್ಲಿ ಚಿಕ್ಕವನು ನೀಲಿ ಬಣ್ಣದಲ್ಲಿ ಒಂದು ಬಸ್ಸು ಬರೆದಿದ್ದ. ಕೋರ್ಸ್ ವಿಚಾರಿಸಲು ಹೋದ ಖಾಸಗಿ ಸಂಸ್ಥೆಯೊಂದರಲ್ಲಿ ಅದೇ ದಿನ ಆ ಅರ್ಜಿಯನ್ನು ಕೈಗೆ ಕೊಟ್ಟಿದ್ದರಂತೆ. "ಇವತ್ತು ಸಂಜೆಯೊಳಗೆ ಸಹಿ ಮಾಡಿದ್ರೆ ಫೀಸಲ್ಲಿ ರಿಯಾಯಿತಿ ಅಂದ್ರು. ಮಾಡ್ಲಾ ಮೇಡಂ?"

ಇವತ್ತು ಬೇಡ ಅಂದೆ. ಒಂದೇ ದಿನದ ಗಡುವು ಕೊಟ್ಟು ಸಾಲಕ್ಕೆ ಸಹಿ ಹಾಕಿಸುವವರು ನಿಮ್ಮ ಓದಿನ ಬಗ್ಗೆ ಯೋಚನೆ ಮಾಡುತ್ತಿಲ್ಲ, ಇದನ್ನು ನಾನು ಯಾರಿಗಾದರೂ ಮುಖಕ್ಕೆ ಹೇಳುತ್ತೇನೆ.

ಆಮೇಲೆ ನಾನೊಂದು ತಪ್ಪು ಮಾಡಿದೆ. ನೇರವಾಗಿ ಅರ್ಜಿ, ದಾಖಲೆ, ಕೊನೆಯ ದಿನಾಂಕ ಅಂತ ಶುರು ಮಾಡಿಬಿಟ್ಟೆ. ಅವರು ಎಲ್ಲದಕ್ಕೂ ತಲೆ ಆಡಿಸಿದರು, ಬರೆದುಕೊಂಡರು, ಹೋದರು. ಮುಂದಿನ ವಾರ ಬಂದಾಗ ಒಂದು ಅರ್ಜಿಯನ್ನೂ ಮುಟ್ಟಿರಲಿಲ್ಲ. ಯಾಕೆ ಅಂತ ಕೇಳದೆ ಸುಮ್ಮನೆ ಕೂತೆ. ಸ್ವಲ್ಪ ಹೊತ್ತಾದ ಮೇಲೆ ಅವರೇ ಹೇಳಿದರು: "ಮಕ್ಕಳಿಗೆ ಅಂತ ಇಟ್ಟಿರೋ ದುಡ್ಡು, ಮಕ್ಕಳಿಗೆ ಅಂತ ಇರೋ ಸಂಜೆ, ಎರಡನ್ನೂ ನನ್ನ ಓದಿಗೆ ಹಾಕ್ತೀನಿ. ಇದು ಸ್ವಾರ್ಥ ಅಲ್ವಾ?"

ಓದಿಗೆ ಮರಳುವ ತಾಯಂದಿರಲ್ಲಿ ಈ ಪ್ರಶ್ನೆ ಕೇಳದವರನ್ನು ನಾನು ನೋಡಿಲ್ಲ. ಒಂಟಿಯಾಗಿ ಮಕ್ಕಳನ್ನು ಸಾಕುವವರಿಗಂತೂ ಇದು ಎರಡು ಪಟ್ಟು ಭಾರ, ಯಾಕೆಂದರೆ "ಹೋಗು, ನಾನು ನೋಡ್ಕೋತೀನಿ" ಅನ್ನುವ ಇನ್ನೊಬ್ಬರು ಮನೆಯಲ್ಲಿ ಇರುವುದಿಲ್ಲ. ಸ್ವಾರ್ಥ ಅಲ್ಲ ಅಂತ ಬಾಯಿಮಾತಿಗೆ ಹೇಳಿದರೆ ಅವರ ಮನಸ್ಸಿಗೆ ಸಮಾಧಾನ ಆಗಲ್ಲ ಅನ್ನಿಸಿತು. ಬದಲಿಗೆ ಕೇಳಿದೆ: ಬಡ್ತಿ ಸಿಕ್ಕರೆ ಸಂಬಳ ಎಷ್ಟಾಗುತ್ತೆ, ಸಿಗದೇ ಇದ್ದರೆ ಮಗಳು ಕಾಲೇಜಿಗೆ ಹೋಗುವ ಹೊತ್ತಿಗೆ ಕೈಯಲ್ಲಿ ಎಷ್ಟಿರುತ್ತೆ? ಅವರು ಲೆಕ್ಕದವರು. ಪೆನ್ನು ತೆಗೆದು ಅಲ್ಲೇ ಬರೆದರು, ಬರೆದದ್ದನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಆ ಪ್ರಶ್ನೆ ಮತ್ತೆ ಬರಲಿಲ್ಲ.

ನಾನು ಕೊಟ್ಟ ಮೊದಲ ಸಲಹೆ, ಫೀಸಿನ ಲೆಕ್ಕ ಪಕ್ಕಕ್ಕಿಡಿ, ತಿಂಗಳ ಲೆಕ್ಕ ಹಾಕಿ. ನನ್ನ ಅನುಭವದಲ್ಲಿ ಫೀಸು ಕಟ್ಟಲಾಗದೆ ಓದು ಬಿಟ್ಟವರಿಗಿಂತ, ಫೀಸು ಕಟ್ಟಿದ ಮೇಲೆ ಮೂರನೇ ತಿಂಗಳಲ್ಲಿ ಬಿಟ್ಟವರೇ ಜಾಸ್ತಿ. ಮಗುವಿಗೆ ಜ್ವರ ಬಂತು, ನೋಡಿಕೊಳ್ಳುವವರು ಬರಲಿಲ್ಲ, ಓವರ್‌ಟೈಮ್ ತಪ್ಪಿತು, ಬಾಡಿಗೆ ತಡವಾಯಿತು, ಹೀಗೆ. ವಿಮಲಾ ಒಂದು ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡು ಬಂದರು: ಪುಸ್ತಕ, ಇಂಟರ್ನೆಟ್, ಓಡಾಟ, ಪರೀಕ್ಷೆಯ ದಿನ ರಜೆ ಹಾಕಿದರೆ ಕಟ್ ಆಗುವ ಸಂಬಳ, ಸಂಜೆ ಚಿಕ್ಕವನನ್ನು ನೋಡಿಕೊಳ್ಳುವವರಿಗೆ ಕೊಡಬೇಕಾದದ್ದು. ಕೂಡಿಸಿದಾಗ ಗೊತ್ತಾಯಿತು, ಎರಡು ವರ್ಷದಲ್ಲಿ ಮಗುವಿನ ಆರೈಕೆಗೆ ಆಗುವ ಖರ್ಚು ಹೆಚ್ಚು ಕಡಿಮೆ ಎರಡು ವರ್ಷದ ಫೀಸಿನಷ್ಟೇ ಇದೆ. ಅವರು ತುಂಬುತ್ತಿದ್ದ ಸಾಲದ ಅರ್ಜಿಯಲ್ಲಿ ಅದಕ್ಕೆ ಒಂದು ಸಾಲೂ ಜಾಗ ಇರಲಿಲ್ಲ.

"ಮಗು ನೋಡ್ಕೊಳ್ಳೋಕೂ ದುಡ್ಡು ಕೊಡಿ ಅಂತ ಹೇಗೆ ಕೇಳೋದು, ನಾಚಿಕೆ ಆಗುತ್ತೆ" ಅಂದರು. ನಾಚಿಕೆಗೆ ಏನೂ ಇಲ್ಲ. ಇಂಗ್ಲೆಂಡ್‌ನಲ್ಲಿ ಪೂರ್ಣಾವಧಿ ಪದವಿ ಓದುವ, ಆದಾಯ ಕಡಿಮೆ ಇರುವ ಪೋಷಕರಿಗೆ ಇದಕ್ಕೆಂದೇ ಬೇರೆ ಅನುದಾನ ಇದೆ, ಆರೈಕೆಯ ಖರ್ಚಿನಲ್ಲಿ ಶೇ 85ರವರೆಗೆ ಕೊಡುತ್ತಾರೆ, ವಾಪಸ್ ಕಟ್ಟಬೇಕಾಗಿಲ್ಲ. ಅಮೆರಿಕದಲ್ಲಿ ಓದಿನ ಒಟ್ಟು ಖರ್ಚು ಲೆಕ್ಕ ಹಾಕುವಾಗ ಮಗುವಿನ ಆರೈಕೆಯನ್ನೂ ಸೇರಿಸಲು ಕಾನೂನಿನಲ್ಲೇ ಅವಕಾಶ ಇದೆ, ಆದರೆ ವಿದ್ಯಾರ್ಥಿ ಬಾಯಿ ಬಿಟ್ಟು ಕೇಳದಿದ್ದರೆ ಎಷ್ಟೋ ಸಲ ಅದು ಲೆಕ್ಕಕ್ಕೇ ಬರುವುದಿಲ್ಲ. ಅಂದರೆ ಬೇರೆಯವರು ಇದನ್ನು ಓದಿನ ಖರ್ಚು ಅಂತಲೇ ಒಪ್ಪಿಕೊಂಡಿದ್ದಾರೆ. ನೀವಿರುವ ಕಡೆ ಅದೇ ಹೆಸರಿನ ಯೋಜನೆ ಇಲ್ಲದೇ ಇರಬಹುದು. ಆದರೂ ಕಾಲೇಜಿನ ನೆರವು ವಿಭಾಗದಲ್ಲಿ, ಟ್ರಸ್ಟುಗಳಲ್ಲಿ, ಕೆಲಸ ಕೊಟ್ಟವರ ಹತ್ತಿರ ಇದೇ ಪ್ರಶ್ನೆ ಕೇಳಬಹುದು.

ಸಾಲದ ವಿಷಯ. ಸಾಲವೇ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ಆದರೆ "ಓದು ಮುಗಿಯೋವರೆಗೂ ಏನೂ ಕಟ್ಟೋದು ಬೇಡ" ಅನ್ನುವ ಮಾತಿನ ಅರ್ಥ ಗೊತ್ತಿರಬೇಕು. ಕಟ್ಟುವುದು ಬೇಡ, ಬಡ್ಡಿ ಮಾತ್ರ ಸಾಮಾನ್ಯವಾಗಿ ಓಡುತ್ತಿರುತ್ತದೆ. 100 ಸಾಲ, ವರ್ಷಕ್ಕೆ ಶೇ 12 ಬಡ್ಡಿ, ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾರೆ ಅಂದುಕೊಳ್ಳಿ. ಮೊದಲ ವರ್ಷಕ್ಕೆ 112, ಎರಡನೇ ವರ್ಷಕ್ಕೆ 125, ಓದು ಮುಗಿದ ಮೇಲೆ ಇನ್ನೊಂದು ವರ್ಷ ವಿರಾಮ ಕೊಟ್ಟರೆ 140. ಮೊದಲ ಕಂತು ಕಟ್ಟುವ ದಿನ ನಿಮ್ಮ ತಲೆ ಮೇಲೆ ಇರುವುದು 140. ಹಾಗಾಗಿ ವಾಪಸ್ ಕೊಡಬೇಕಾಗಿಲ್ಲದ ಹಣ ಮೊದಲು, ಫೀಸು ವಿನಾಯಿತಿ ಆಮೇಲೆ, ಸರ್ಕಾರದ ಅಥವಾ ಬಡ್ಡಿ ರಿಯಾಯಿತಿ ಇರುವ ಸಾಲ ಅದರ ನಂತರ, ಖಾಸಗಿ ಸಾಲ ಎಲ್ಲಕ್ಕಿಂತ ಕೊನೆಗೆ. ವಿಮಲಾ ಬಂದದ್ದು ಕೊನೆಯದರಿಂದ ಶುರು ಮಾಡಿಕೊಂಡು.

ಹರಿದ ಅಂಕಪಟ್ಟಿಯ ಬೆಲೆ ಅವರಿಗೇ ಗೊತ್ತಿರಲಿಲ್ಲ. ಮೊದಲ ವರ್ಷ ಪಾಸಾದ ವಿಷಯಗಳನ್ನು ಹೊಸ ಸಂಸ್ಥೆ ಒಪ್ಪಿಕೊಂಡರೆ ಅಷ್ಟು ಫೀಸು ಉಳಿಯುತ್ತೆ, ಅಷ್ಟು ಸಂಜೆಗಳೂ ಉಳಿಯುತ್ತವೆ. ಕೆಲವು ಕಡೆ ಇಷ್ಟು ವರ್ಷದೊಳಗೆ ಓದಿರಬೇಕು ಅಂತ ಮಿತಿ ಇರುತ್ತದೆ, ಆದ್ದರಿಂದ ಸೇರುವ ಮೊದಲೇ ಬರಹದಲ್ಲಿ ಉತ್ತರ ತಗೊಳ್ಳಿ ಅಂದೆ. ಖಾಸಗಿ ಸಂಸ್ಥೆ ಏನನ್ನೂ ಒಪ್ಪಲಿಲ್ಲ. ಸಂಜೆ ತರಗತಿ ಇರುವ ಇನ್ನೊಂದು ಕಾಲೇಜು ಹೆಚ್ಚಿನ ವಿಷಯಗಳನ್ನು ಒಪ್ಪಿತು. ಎಲ್ಲಿಗೆ ಸೇರಬೇಕು ಅನ್ನುವ ಪ್ರಶ್ನೆ ಅಲ್ಲಿಗೇ ಮುಗಿಯಿತು.

ಈಗ ಕಷ್ಟದ ಭಾಗ. ನೆರವಿನ ಅರ್ಜಿಯಲ್ಲಿ ವಿವಾಹಿತೆ ಅಂತ ಗುರುತು ಹಾಕಿದರೆ ಗಂಡನ ಆದಾಯ ಕೇಳುತ್ತಾರೆ, ಅವಿವಾಹಿತೆ ಅಂತ ಹಾಕಿದರೆ ಸುಳ್ಳು. ಅದೂ ಅಲ್ಲದೆ ಅರ್ಜಿ ಕೇಳಿದ್ದು ಹಿಂದಿನ ಆದಾಯದ ದಾಖಲೆ, ಆಗ ಮನೆಗೆ ಎರಡು ಸಂಬಳ ಬರುತ್ತಿತ್ತು. ಇದು ಅವರೊಬ್ಬರ ತೊಂದರೆ ಅಲ್ಲ. ಅಮೆರಿಕದಲ್ಲಿ ಸರ್ಕಾರದ ವಿದ್ಯಾರ್ಥಿ ನೆರವಿಗೆ ಹಾಕುವ ಫ್ಯಾಫ್ಸಾ ಅರ್ಜಿ ಕೂಡ ಎರಡು ವರ್ಷ ಹಿಂದಿನ ಆದಾಯವನ್ನೇ ನೋಡುತ್ತದೆ. ಅದಕ್ಕೇ ಅಲ್ಲಿ, ಕೆಲಸ ಹೋಯಿತು, ಸಂಸಾರ ಬೇರೆಯಾಯಿತು ಅಂತ ದಾಖಲೆ ಕೊಟ್ಟರೆ ಲೆಕ್ಕವನ್ನು ತಿದ್ದುವ ಅಧಿಕಾರವನ್ನು ಕಾಲೇಜಿನ ನೆರವು ಅಧಿಕಾರಿಗೆ ಕಾನೂನೇ ಕೊಟ್ಟಿದೆ. ನಾವೂ ಅದೇ ದಾರಿ ಹಿಡಿದೆವು: ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದು, ಜೊತೆಗೆ ಮರುಪರಿಶೀಲನೆಗೆ ಒಂದು ಪತ್ರ.

ಪತ್ರದ ಮೊದಲ ಪ್ರತಿ ನಾಲ್ಕು ಪುಟ ಇತ್ತು. ಮೂರೂವರೆ ಪುಟ ಗಂಡನ ಬಗ್ಗೆ. ಯಾವ ದಿನ ಏನು ಹೇಳಿದ, ಯಾವ ಹಬ್ಬಕ್ಕೆ ಮನೆಗೆ ಬರಲಿಲ್ಲ, ಮಗಳು ಬಾಗಿಲ ಹತ್ತಿರ ಎಷ್ಟು ಹೊತ್ತು ನಿಂತಿದ್ದಳು. ನಾನು ಪೂರ್ತಿ ಓದಿದೆ, ಅವರ ಮುಂದೆಯೇ. ಆಮೇಲೆ ಹೇಳಿದೆ, ಇದನ್ನು ಬರೆದದ್ದು ಒಳ್ಳೆಯದಾಯಿತು, ಇದನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಅಧಿಕಾರಿಗೆ ಬೇಕಾದದ್ದು ಬೇರೆ. ಅವರು ಒಂದು ದಿನಕ್ಕೆ ಎಷ್ಟೋ ಪತ್ರ ಓದುತ್ತಾರೆ, ನಿಮ್ಮ ಬಗ್ಗೆ ಮರುಕ ಇದ್ದರೂ ಕಡತದಲ್ಲಿ ಬರೆಯಲು ಅವರಿಗೊಂದು ಕಾರಣ ಬೇಕು, ಆ ಕಾರಣವನ್ನು ನೀವೇ ಕೊಡಬೇಕು.

ಎರಡು ಗಂಟೆ ಕೂತು ಒಂದು ಪುಟಕ್ಕೆ ಇಳಿಸಿದೆವು. ಶುರುವಾಗಿದ್ದು ಹೀಗೆ: "ಎರಡು ವರ್ಷದಿಂದ ನಾನು ಮತ್ತು ಇಬ್ಬರು ಮಕ್ಕಳು ಬೇರೆ ಮನೆಯಲ್ಲಿ ಇದ್ದೇವೆ. ಮನೆಗೆ ಬರುವುದು ನನ್ನ ಸಂಬಳ ಮಾತ್ರ. ಅರ್ಜಿಯಲ್ಲಿ ತೋರಿಸಿರುವ ಆದಾಯದಲ್ಲಿ ಅರ್ಧಕ್ಕಿಂತ ಹೆಚ್ಚು ಈಗ ಬರುತ್ತಿಲ್ಲ." ಆಮೇಲೆ ಏನು ಕೇಳುತ್ತಿದ್ದೇನೆ ಅನ್ನುವುದು ಎರಡು ಸಾಲಿನಲ್ಲಿ. ಜೊತೆಗೆ ಅವರ ಹೆಸರಿಗೇ ಇರುವ ಬಾಡಿಗೆ ಕರಾರು, ಆರು ತಿಂಗಳ ಸಂಬಳದ ಚೀಟಿ, ಮಕ್ಕಳು ತಾಯಿಯ ಜೊತೆ ಇದ್ದಾರೆ ಅಂತ ಶಾಲೆಯಿಂದ ಒಂದು ಪತ್ರ, ಮತ್ತು ಸಂಬಂಧಿಕರಲ್ಲದ ಪರಿಚಯದವರೊಬ್ಬರ ಹೇಳಿಕೆ. ವಿಚ್ಛೇದನದ ಕಾಗದ ಇಲ್ಲದವರು ಇಂಥ ಸಣ್ಣ ಸಣ್ಣ ಕಾಗದಗಳನ್ನು ಒಂದೊಂದಾಗಿ ಕೂಡಿಡಬೇಕು, ಬೇರೆ ದಾರಿ ಇಲ್ಲ.

ಜೀವನಾಂಶದ ಮಾತೂ ಬಂತು. ಅವನ ದುಡ್ಡು ನನಗೆ ಬೇಡ ಅಂದರು. ಅದು ನಿಮಗಲ್ಲ, ಮಕ್ಕಳಿಗೆ ಅಂದೆ. ವಕೀಲರಿಗೆ ಕೊಡಲು ಹಣ ಇಲ್ಲ ಅನ್ನುವುದೂ ಅಡ್ಡಿ ಆಗಬೇಕಾಗಿಲ್ಲ, ಉಚಿತ ಕಾನೂನು ನೆರವು ತುಂಬಾ ಕಡೆ ಇದೆ. ಭಾರತದಲ್ಲಿ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಣ್ಣುಮಕ್ಕಳು ಆದಾಯ ಎಷ್ಟೇ ಇರಲಿ ಅದನ್ನು ಕೇಳಬಹುದು. ಅವರು ಇನ್ನೂ ನಿರ್ಧಾರ ಮಾಡಿಲ್ಲ, ನಾನು ಒತ್ತಾಯ ಮಾಡಿಲ್ಲ.

ಎಷ್ಟು ವಿಷಯ ತಗೋಬೇಕು ಅನ್ನುವುದರಲ್ಲಿ ನಮ್ಮಿಬ್ಬರಿಗೂ ಸ್ವಲ್ಪ ವಾದ ಆಯಿತು. ಬೇಗ ಮುಗಿಸಬೇಕು, ಎಲ್ಲ ವಿಷಯ ಒಟ್ಟಿಗೆ ತಗೋತೀನಿ ಅಂದರು. ನಾನು ಬೇಡ ಅಂದೆ. ಕಡಿಮೆ ತಗೊಂಡರೆ ಕೆಲವು ನೆರವು ಸಿಗುವುದಿಲ್ಲ, ಅದು ನಿಜ, ಕನಿಷ್ಠ ಎಷ್ಟಿರಬೇಕು ಅಂತ ಕೇಳಿ ಅಷ್ಟನ್ನೇ ತಗೊಳ್ಳಿ. ಆದರೆ ಜಾಸ್ತಿ ತಗೊಂಡು ಮಧ್ಯದಲ್ಲಿ ಬಿಟ್ಟರೆ ಸಿಕ್ಕ ಹಣವನ್ನೇ ವಾಪಸ್ ಕೇಳಬಹುದು. ಅಮೆರಿಕದಲ್ಲಿ ಸರ್ಕಾರದ ನೆರವು ಪಡೆದವರು ಸೆಮಿಸ್ಟರ್‌ನ ಶೇ 60 ಮುಗಿಯುವ ಮೊದಲೇ ಓದು ಪೂರ್ತಿ ಬಿಟ್ಟರೆ ಒಂದು ಭಾಗ ಹಿಂದಿರುಗಿಸಬೇಕಾಗುತ್ತದೆ. ಎಲ್ಲಿ ಸೇರಿದರೂ ಸರಿ, ಈ ನಿಯಮ ಏನಿದೆ ಅಂತ ಮೊದಲ ದಿನವೇ ಕೇಳಿಟ್ಟುಕೊಳ್ಳಿ. ಬಿಡಬೇಕು ಅನ್ನಿಸಿದರೆ ಬಿಡುವ ಮೊದಲು ನೆರವು ವಿಭಾಗಕ್ಕೆ ಹೋಗಿ, ಬಿಟ್ಟ ಮೇಲೆ ಹೋಗಬೇಡಿ. ಇನ್ನೊಂದು: ಹೊಸ ವಿದ್ಯಾರ್ಥಿವೇತನ ಬಂದರೆ ಈಗ ಬರುತ್ತಿರುವ ಬೇರೆ ಸಹಾಯ ಕಡಿಮೆ ಆಗುತ್ತಾ ಅಂತಲೂ ಕೇಳಬೇಕು. ಒಂದು ಕೈಯಲ್ಲಿ ಬಂದದ್ದು ಇನ್ನೊಂದು ಕೈಯಲ್ಲಿ ಹೋದರೆ ತಿಂಗಳ ಹಾಳೆ ಮತ್ತೆ ತಲೆಕೆಳಗಾಗುತ್ತೆ.

ಒಟ್ಟು ಐದು ಕಡೆ ಅರ್ಜಿ ಹಾಕಿದರು. ಎರಡು ಕಡೆ ಇಲ್ಲ ಅಂದರು. ಒಂದು ಕಡೆಯಿಂದ ಉತ್ತರವೇ ಬರಲಿಲ್ಲ. ಒಂದು ಟ್ರಸ್ಟ್ ಪುಸ್ತಕದ ಖರ್ಚು ಕೊಟ್ಟಿತು. ಕಾಲೇಜಿಗೆ ಬರೆದ ಪತ್ರಕ್ಕೆ ಏಳು ವಾರದ ನಂತರ ಉತ್ತರ ಬಂತು: ಫೀಸಿನಲ್ಲಿ ಅರ್ಧ ವಿನಾಯಿತಿ, ಮತ್ತು ವಿದ್ಯಾರ್ಥಿಗಳ ತುರ್ತು ನಿಧಿಯಿಂದ ಮಗುವಿನ ಆರೈಕೆಗೆ ಒಂದು ಅವಧಿಯ ಮಟ್ಟಿಗೆ ಸ್ವಲ್ಪ ಹಣ. ಆ ನಿಧಿ ಇದೆ ಅಂತ ಯಾವ ಫಲಕದಲ್ಲೂ ಇರಲಿಲ್ಲ, ಪತ್ರದಲ್ಲಿ ಕೇಳಿದ್ದಕ್ಕೆ ಸಿಕ್ಕಿತು. ಉಳಿದದ್ದಕ್ಕೆ ಸಣ್ಣ ಸಾಲ ತಗೊಂಡಿದ್ದಾರೆ, ಮೊದಲು ಸಹಿ ಹಾಕಲು ಹೊರಟಿದ್ದರಲ್ಲ, ಅದರ ಐದನೇ ಒಂದು ಭಾಗ.

ಮೂರು ವಿಷಯಗಳಿಂದ ಶುರು ಮಾಡಿದರು. ಎರಡು ಪಾಸ್, ಒಂದು ಹೋಯಿತು, ಚಿಕ್ಕವನಿಗೆ ಹುಷಾರಿಲ್ಲದ ವಾರ ಬರೆದ ಪರೀಕ್ಷೆ ಅದು. ಫಲಿತಾಂಶ ಬಂದ ದಿನ ಫೋನ್ ಮಾಡಿ ಒಂದು ವಿಷಯ ಹೋದರೆ ವಿನಾಯಿತಿ ನಿಲ್ಲುತ್ತಾ ಅಂತ ಕೇಳಿದರು. ಕಾಲೇಜಿನಿಂದ ಬಂದ ಪತ್ರದ ಎರಡನೇ ಪುಟ ತೆಗೆದು ಓದಿ ಅಂದೆ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಪಾಸಾಗಿರಬೇಕು ಅಂತ ಇತ್ತು, ಅವರೇ ಜೋರಾಗಿ ಓದಿದರು, ಎರಡು ಸಲ.

ಮುಂದಿನ ತಿಂಗಳು ನೆರವು ನವೀಕರಣಕ್ಕೆ ಕೊನೆಯ ದಿನ. ಉತ್ತರವೇ ಬರದ ಆ ಅರ್ಜಿಯನ್ನು ಮತ್ತೆ ಕಳಿಸಲಾ ಅಂತ ಮೊನ್ನೆ ಕೇಳಿದರು. ಕಳಿಸಿ, ಈ ಸಲ ಅಂಕಪಟ್ಟಿಯನ್ನೂ ಸೇರಿಸಿ ಅಂದೆ.